ತೋರುಬೆರಳಿನ ಉಪ್ಪಿನಕಾಯಿ

ಯಾವುದನ್ನೂ ಕೆಡಲು ಬಿಡದಿರುವುದೇ ನನ್ನ ಕಸುಬು. ಕೇಳುವಾಗ ಇದು ದೊಡ್ಡ ಮಾತಿನಂತೆ ಕಾಣಬಹುದು. ನಾನು ಹೇಳುತ್ತಿರುವುದು ಹಾಲು, ಹಿಟ್ಟು, ಹಪ್ಪಳ, ಸಾರಿನ ಪುಡಿ, ಎಲ್ಲಕ್ಕಿಂತ ಹೆಚ್ಚಾಗಿ ಉಪ್ಪಿನಕಾಯಿಯ ವಿಷಯ. ಮದುವೆಯಾಗಿ ಕುಂದಾಪುರದ ಕಡೆಯಿಂದ ಚೆನ್ನೈಗೆ ಬಂದು, ಅಣ್ಣಾ ನಗರದ ನಮ್ಮ ಸಣ್ಣ ಹೋಟೆಲಿನ ಉಗ್ರಾಣಕ್ಕೆ ಕಾಲಿಟ್ಟ ದಿನವೇ ನನ್ನ ಅತ್ತೆ ಪಾಠ ಶುರು ಮಾಡಿದ್ದರು. ಕೈ ಒಣಗಿರಬೇಕು, ಸೌಟು ಒಣಗಿರಬೇಕು, ಭರಣಿಯ ಬಾಯಿ ಬಿಗಿಯಾಗಿರಬೇಕು, ಕಟ್ಟಿದ ಬಟ್ಟೆಯನ್ನು ಹೊತ್ತಲ್ಲದ ಹೊತ್ತಿನಲ್ಲಿ ಬಿಚ್ಚಬಾರದು. ಈ ಊರಿನ ಸೆಖೆಯಲ್ಲಿ ಬೆಳಗ್ಗೆ ಅರೆದ ಚಟ್ನಿ ಮಧ್ಯಾಹ್ನಕ್ಕೆ ಮುಖ ಸಿಂಡರಿಸುತ್ತದೆ. ಅಂಥ ಊರಿನಲ್ಲಿ ನನ್ನ ಭರಣಿಗೆ ಇಂದಿನವರೆಗೆ ಬೂಸ್ಟು ಹಿಡಿದಿಲ್ಲ. ಇದಕ್ಕೆ ಕಾರಣ ಶಿಸ್ತು ಎಂದು ನಾನು ಹೇಳುತ್ತೇನೆ. ಮನೆಯವರು ಬೇರೆ ಹೆಸರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಕೈ ಒರೆಸುವ ಬಟ್ಟೆ ಬೇರೆ, ಪಾತ್ರೆ ಒರೆಸುವ ಬಟ್ಟೆ ಬೇರೆ, ಅವುಗಳ ಮೊಳೆಗಳೂ ಬೇರೆ. ಒಂದರ ಮೊಳೆಗೆ ಇನ್ನೊಂದನ್ನು ತೂಗುಹಾಕಿದವರು ಯಾರೆಂದು ನಾನು ಪತ್ತೆ ಹಚ್ಚದೆ ಬಿಟ್ಟದ್ದಿಲ್ಲ. "ನಮ್ಮನೆ ಹಲ್ಲಿ ಸಹ ಇವಳನ್ನ ಕೇಳಿಯೇ ಲೊಚಗುಟ್ಟುದು" ಎಂದು ನನ್ನ ಯಜಮಾನರು ಬಂದವರೆದುರು ಹೇಳುವುದುಂಟು. ಹಲ್ಲಿಗೆ ಇರುವ ತಿಳಿವಳಿಕೆ ನಿಮಗಿಲ್ಲವಲ್ಲ ಎಂದು ನಾನೂ ಬಂದವರೆದುರೇ ಹೇಳುತ್ತೇನೆ.

ವರ್ಷಕ್ಕೊಮ್ಮೆ ಊರಿನಿಂದ ನನ್ನ ತಮ್ಮ ಮಾವಿನ ಮಿಡಿ ಕಳಿಸುತ್ತಾನೆ. ಗೋಣಿಚೀಲದಲ್ಲಿ ತುಂಬಿ, ಬಸ್ಸಿಗೆ ಹಾಕಿ, ಬಸ್ಸಿನ ಡ್ರೈವರನಿಗೆ ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ ಬುದ್ಧಿ ಹೇಳಿ ಕಳಿಸುತ್ತಾನೆ. ತೊಟ್ಟು ಮುರಿಯದ, ಸೊನೆ ಆರದ ಮಿಡಿ. ಅದು ಬಂದ ದಿನವೇ ಉಪ್ಪಿಗೆ ಬೀಳಬೇಕು. ಒಂದು ದಿನ ತಡವಾದರೆ ಬಾಡುತ್ತದೆ, ಎರಡು ದಿನ ತಡವಾದರೆ ಮೆತ್ತಗಾಗುತ್ತದೆ, ಆಮೇಲೆ ಕಚ್ಚಿದರೆ ಕಟುಂ ಎನ್ನುವುದಿಲ್ಲ. ಮೊಸರನ್ನದ ಬದಿಯಲ್ಲಿ ಈ ಮಿಡಿ ಸಿಗುತ್ತದೆಂದೇ ನಮ್ಮ ಹೋಟೆಲಿಗೆ ಬರುವವರಿದ್ದಾರೆ. ಮಗ ಈಗ ಹೋಟೆಲನ್ನು ನೋಡಿಕೊಳ್ಳುತ್ತಾನೆ, ಇಡ್ಲಿಯಿಂದ ಹಿಡಿದು ಬಿಲ್ಲಿನವರೆಗೆ ಎಲ್ಲವನ್ನೂ ಬದಲಾಯಿಸಿದ್ದಾನೆ. ಮಿಡಿಯ ಭರಣಿಯ ತಂಟೆಗೆ ಮಾತ್ರ ಬಂದಿಲ್ಲ. ಅದಕ್ಕೆ ನನ್ನ ಕೈಯೇ ಆಗಬೇಕು ಎಂಬುದು ಮನೆಯಲ್ಲಿ ಎಲ್ಲರೂ ಒಪ್ಪಿದ ವಿಷಯ. ಒಪ್ಪಿಸಿದವಳು ನಾನೇ.

ಈ ವರ್ಷ ಮಿಡಿ ಬರುವುದಕ್ಕೆ ಕೆಲವು ದಿನ ಮೊದಲು ನಾನು ಮೆಟ್ಟುಕತ್ತಿಯ ಮೇಲೆ ಕೂತು ಸುವರ್ಣಗಡ್ಡೆ ಹೆಚ್ಚುತ್ತಿದ್ದೆ. ಈಳಿಗೆಮಣೆ ಎಂದು ನೀವು ಯಾವುದನ್ನು ಕರೆಯುತ್ತೀರೋ ಅದೇ ನಮ್ಮ ಮೆಟ್ಟುಕತ್ತಿ. ಸೊಸೆ ಸುಷ್ಮಾ ಮೈಸೂರಿನವಳು, ನಿಂತುಕೊಂಡು ಚಾಕುವಿನಲ್ಲಿ ಹೆಚ್ಚುತ್ತಾಳೆ. ನಿಂತು ಹೆಚ್ಚಿದ ತರಕಾರಿಗೆ ರುಚಿ ಕಡಿಮೆ ಎಂದು ನಾನು ಅವಳಿಗೆ ಹೇಳುತ್ತಿರುವಾಗಲೇ, ಮಣ್ಣು ಮೆತ್ತಿದ ಗಡ್ಡೆ ಜಾರಿ, ಬಲಗೈಯ ತೋರುಬೆರಳು ಕತ್ತಿಯ ಅಲಗಿಗೆ ಸಿಕ್ಕಿತು. ಉಪದೇಶದ ನಡುವೆ ಆದ ಗಾಯವಾದ್ದರಿಂದ ನಾನು ಹಾ ಎನ್ನಲಿಲ್ಲ. ಸೆರಗಿನಲ್ಲಿ ಬೆರಳು ಸುತ್ತಿಕೊಂಡು, ಮಾತು ಮುಗಿಸಿ, ಉಗ್ರಾಣಕ್ಕೆ ಹೋದೆ.

ಇಲ್ಲಿ ನಮ್ಮ ಹೋಟೆಲಿನ ವೈದ್ಯಶಾಸ್ತ್ರದ ಬಗ್ಗೆ ಒಂದು ಮಾತು ಹೇಳಬೇಕು. ಕೊಯ್ದರೆ ಕಾಫಿಪುಡಿ, ಸುಟ್ಟರೆ ದೋಸೆಹಿಟ್ಟು, ಏನಾಯಿತೆಂದು ಗೊತ್ತಾಗದಿದ್ದರೆ ಅರಸಿನ. ನನ್ನ ಮಾವನ ಕಾಲದಿಂದ ನಡೆದುಬಂದದ್ದು. ಯಾರಿಗೂ ಏನೂ ಆಗಲಿಲ್ಲವೇ ಎಂದು ಕೇಳಿದರೆ, ಆದವರು ರಜೆ ಹಾಕಿ ಊರಿಗೆ ಹೋಗುತ್ತಿದ್ದರು, ಅಲ್ಲಿ ಏನಾಯಿತೆಂದು ನಾವು ಕೇಳುತ್ತಿರಲಿಲ್ಲ. ನನಗೆ ಕಾಫಿಪುಡಿಯ ಮೇಲೆ ಅಷ್ಟು ನಂಬಿಕೆಯಿಲ್ಲ. ನಾನು ನಂಬಿರುವುದು ಉಪ್ಪನ್ನು, ಅರಸಿನವನ್ನು, ಬಿಗಿಯಾದ ಬಾಯಿಯನ್ನು. ಮಾವಿನ ಮಿಡಿಯನ್ನು ವರ್ಷಗಟ್ಟಲೆ ಕಾಯುವ ಮದ್ದು ಒಂದು ಬೆರಳನ್ನು ನಾಲ್ಕು ದಿನ ಕಾಯದೇ? ಗಾಯಕ್ಕೆ ಉಪ್ಪು ಸೇರಿಸಿದ ಅರಸಿನವನ್ನು ಒತ್ತಿ ತುಂಬಿದೆ. ಕಣ್ಣಲ್ಲಿ ನೀರು ಬಂತು, ಅದು ಮದ್ದು ಹಿಡಿಯುತ್ತಿರುವ ಲಕ್ಷಣ ಎಂದುಕೊಂಡೆ. ಮೇಲೆ ಹಳೆಯ ಪಂಚೆಯ ಚೂರು ಸುತ್ತಿದೆ. ದಿನವಿಡೀ ನೀರಿನಲ್ಲಿ ಕೈಯಾಡಿಸುವವಳಲ್ಲವೇ, ನೀರು ಹೋಗಬಾರದೆಂದು ಅದರ ಮೇಲೊಂದು ಪ್ಲಾಸ್ಟಿಕ್ ಕವರು, ಕವರಿನ ಬಾಯಿಗೆ ರಬ್ಬರ್ ಬ್ಯಾಂಡು. ಥೇಟ್ ಭರಣಿ. ಗಾಯವನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಕಿತ್ತು ಎಂದು ನಿಮಗೆ ಅನ್ನಿಸಿರಬಹುದು. ಭರಣಿಗೆ ಹಾಕುವ ವಸ್ತುವಿಗೆ ಯಾರಾದರೂ ನೀರು ಸೋಕಿಸುತ್ತಾರೆಯೇ?

ಬಿಚ್ಚಿಯೂ ನೋಡಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಬಿಚ್ಚಬಾರದಲ್ಲ. ಮರುದಿನ ನೋವು ಸ್ವಲ್ಪ ಇಳಿದಿತ್ತು, ನನ್ನ ಮದ್ದಿನ ಬಗ್ಗೆ ಹೆಮ್ಮೆಯಾಯಿತು. ಅದರ ಮರುದಿನ ನೋವು ಮತ್ತೆ ಬಂತು, ಈ ಸಲ ತಾಳ ಹಾಕುತ್ತ ಬಂತು. ಎದೆ ಬಡಿದುಕೊಂಡ ಹಾಗೆಲ್ಲ ಬೆರಳೂ ಡಬ್ ಡಬ್ ಎನ್ನುತ್ತಿತ್ತು. ಕಟ್ಟಿನ ಕೆಳಗೆ ಕಾಣುತ್ತಿದ್ದ ಚರ್ಮ ಕೆಂಪಾಗಿತ್ತು, ಕೆನ್ನೆಗೆ ತಾಗಿಸಿದರೆ ಬಿಸಿ. ಇನ್ನೂ ಒಂದು ದಿನ ಕಳೆಯುವಷ್ಟರಲ್ಲಿ ಕವರಿನೊಳಗಿಂದ ಸಣ್ಣಗೆ ಒಂದು ವಾಸನೆ. ಭರಣಿಯಿಂದ ಅಂಥ ವಾಸನೆ ಬಂದಿದ್ದರೆ ನಾನು ಹೋಟೆಲಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ವಿಚಾರಣೆ ಮಾಡುತ್ತಿದ್ದೆ. ಬೆರಳಿನಿಂದ ಬಂದದ್ದಕ್ಕೆ ಕಿಟಕಿ ತೆರೆದಿಟ್ಟು ಸುಮ್ಮನಾದೆ. ಯಾಕೆಂದರೆ ಅಷ್ಟರಲ್ಲಿ ತಮ್ಮನ ಫೋನು ಬಂದಿತ್ತು. ನಾಳೆ ಬೆಳಗ್ಗೆ ಮಿಡಿ ಬರುತ್ತದೆ. ಡಾಕ್ಟರ ಹತ್ತಿರ ಹೋದರೆ ಅವರು ಏನು ಹೇಳುತ್ತಾರೆಂದು ಯಾರಿಗೆ ಗೊತ್ತಿಲ್ಲ? ಕೈ ಒದ್ದೆ ಮಾಡಬೇಡಿ, ಉಪ್ಪು ಖಾರ ಮುಟ್ಟಬೇಡಿ. ಹಾಗಾದರೆ ಮಿಡಿ ಯಾರು ಹಾಕುವುದು? ಒಂದು ಬೆರಳು ನೋಯುತ್ತದೆಂದು ಒಂದು ಗೋಣಿ ಮಿಡಿಯನ್ನು ಬಾಡಲು ಬಿಡುವುದು ನ್ಯಾಯವೇ?

ಸಿಕ್ಕಿಬಿದ್ದದ್ದು ಆ ದಿನ ಸಂಜೆ. ಸುಷ್ಮಾ ಪೋರೂರಿನ ಆಫೀಸಿನಿಂದ ಬಂದು ಕೂತಿದ್ದಳು, ನಾನು ಕಾಫಿ ಕೊಟ್ಟೆ. ಅವಳು ಲೋಟಕ್ಕೆ ಚಾಚಿದ ಕೈಯನ್ನು ಹಾಗೇ ತಡೆದಳು.

"ಅತ್ತೆ, ನೀವು ಎಡಗೈಲಿ ಕೊಡ್ತಿದ್ದೀರ."

ಎಡಗೈಯಲ್ಲಿ ಕೊಡುವುದು, ಎಡಗೈಯಲ್ಲಿ ಬಡಿಸುವುದು ನಮ್ಮಲ್ಲಿ ಕನಸಿನಲ್ಲೂ ಇಲ್ಲ. ಮೊಮ್ಮಗಳು ನಿಧಿ ಎಡಗೈಯಲ್ಲಿ ಪೆನ್ಸಿಲ್ ಕೊಟ್ಟರೂ ನಾನು ತೆಗೆದುಕೊಳ್ಳುವವಳಲ್ಲ.

"ಎಂತ ಇಲ್ಲ ಮಾರಾಯ್ತಿ, ಮರ್ತು ಹೋಯ್ತು."

"ನೀವು ಮರೆಯೋದಾ? ನಿಮಗೆ ಜ್ವರ ಬಂದಿರ್ಬೇಕು, ಇಲ್ಲಾಂದ್ರೆ ನೀವು ನಮ್ಮತ್ತೇನೇ ಅಲ್ಲ. ಬಲಗೈ ತೋರಿಸಿ."

"ಸಣ್ಣ ಗೀರು. ಮದ್ದು ಹಾಕಿದ್ದೆ."

"ಗೀರಿಗೆ ಯಾಕತ್ತೆ ಪ್ಲಾಸ್ಟಿಕ್ ಕವರು? ಅಯ್ಯೋ, ಬೆರಳು ಬದನೆಕಾಯಿ ಥರ ಊದಿದೆಯಲ್ಲ! ಮಾವ, ಸ್ವಲ್ಪ ಇಲ್ಲಿ ಬನ್ನಿ!"

ಯಜಮಾನರು ಬಂದು ಕನ್ನಡಕ ಏರಿಸಿ ನೋಡಿದರು. "ಎಂತದೇ ಇದು? ಬೆರಳನ್ನ ಪಾರ್ಸೆಲ್ ಕಟ್ಟಿದ್ದೆಯಲ್ಲ!" ಎಂದರು. ಬಿಚ್ಚಲು ಹೋದ ನಿಧಿ ಮೂಗು ಮುಚ್ಚಿಕೊಂಡು, "ಐಯ್ಯೋ ಅಜ್ಜಿ, ನಾರುದು!" ಎಂದಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ ಅದು. ನಾರುತ್ತಿದೆ ಎಂಬುದನ್ನು ಯಾವ ಭಾಷೆಯಲ್ಲಿ ಹೇಳಿದರೂ ಅವಮಾನ ಒಂದೇ.

ಡಾಕ್ಟರು ಪಕ್ಕದ ಬೀದಿಯವರು, ತಮಿಳಿನವರು, ನಮ್ಮ ಹೋಟೆಲಿನ ಮೊಸರನ್ನ ಉಂಡವರು. ಕವರನ್ನು ಕತ್ತರಿಯಲ್ಲಿ ಕತ್ತರಿಸಿ, ಪಂಚೆಯ ಚೂರನ್ನು ನೆನೆಸಿ ನೆನೆಸಿ ಬಿಡಿಸಿ, ಒಳಗಿನ ಹಳದಿ ಮುದ್ದೆಯನ್ನು ನೋಡಿ, "ಎನ್ನ ಮಾಮಿ ಇದು, ವಿರಲಾ ಊರುಗಾಯಾ?" ಎಂದರು. ಬೆರಳೋ ಉಪ್ಪಿನಕಾಯಿಯೋ ಎಂದು ಅವರು ಕೇಳಿದ್ದು ತಮಾಷೆಗೆ. ನನಗೆ ಕಳ್ಳತನ ಬಯಲಾದ ಹಾಗಾಯಿತು. ಎಲ್ಲವನ್ನೂ ಹೇಳಿದೆ. ಉಪ್ಪು, ಅರಸಿನ, ಬಿಗಿಯಾದ ಬಾಯಿ, ಬಿಚ್ಚದೆ ಇಡುವ ಶಿಸ್ತು. ಅವರು ಕೀವು ತೆಗೆದು ಸ್ವಚ್ಛ ಮಾಡುತ್ತ ಸಾವಧಾನವಾಗಿ ಕೇಳಿದರು. ನನ್ನ ಪ್ರಾಣ ಮೇಲೆ ಕೆಳಗೆ ಆಗುತ್ತಿದ್ದಾಗ ಅವರ ಸಾವಧಾನ ಸ್ವಲ್ಪ ಹೆಚ್ಚೇ ಇತ್ತು.

ಆಮೇಲೆ ಅವರು ಹೇಳಿದ್ದು ಇಷ್ಟು. ಮಿಡಿ ಮರದಿಂದ ಬಿದ್ದಾಯಿತು, ಅದಕ್ಕೆ ಇನ್ನು ಬೆಳೆಯುವ ಕೆಲಸವಿಲ್ಲ. ಬೆರಳು ಹಾಗಲ್ಲ, ಅದಕ್ಕೆ ಹೊಸ ಚರ್ಮ ಕಟ್ಟಬೇಕು. ಉಪ್ಪು ಹಾಕಿದರೆ ಕಟ್ಟುತ್ತಿರುವುದೂ ಸುಟ್ಟುಹೋಗುತ್ತದೆ. ಒಳಗೆ ಗಡ್ಡೆಯ ಮಣ್ಣು, ಹೊರಗೆ ಪ್ಲಾಸ್ಟಿಕ್ಕು, ನಡುವೆ ಬೆವರು. ರೋಗಾಣುಗಳಿಗೆ ಇದಕ್ಕಿಂತ ಸುಖವಾದ ಮನೆ ಬೇಕೇ? ಕೊಯ್ದ ಕೂಡಲೇ ಶುದ್ಧವಾದ ಬಟ್ಟೆಯಲ್ಲಿ ಒತ್ತಿ ಹಿಡಿದು ರಕ್ತ ನಿಲ್ಲಿಸಿ, ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ಸುತ್ತಲಿನ ಚರ್ಮಕ್ಕೆ ಸೋಪು ಹಾಕಿ, ಒಣಗಿದ ಗಾಜ್ ಬಟ್ಟೆ, ಎಂದರೆ ಆಸ್ಪತ್ರೆಯ ಜಾಳು ಬಟ್ಟೆ, ಕಟ್ಟಿದ್ದರೆ ಅರ್ಧ ಯುದ್ಧ ಅಲ್ಲಿಗೇ ಮುಗಿಯುತ್ತಿತ್ತು. ಎರಡನೆಯ ದಿನ ಇಳಿದ ನೋವು ಮತ್ತೆ ಏರಿದಾಗ ಬಂದಿದ್ದರೆ ಉಳಿದರ್ಧವೂ ಮುಗಿಯುತ್ತಿತ್ತು. "ಶುಗರ್ ಇರುಕ್ಕಾ ಮಾಮಿ?" ಎಂದು ಕೇಳಿ, ಇನ್ನೊಂದು ಕೈಯ ಬೆರಳಿಗೆ ಚುಚ್ಚಿ ನೋಡಿ, ಗಡಿಯಲ್ಲಿದೆ ಎಂದರು. ಸಕ್ಕರೆ ಇರುವವರು ಬೆರಳಿನ ಗಾಯವನ್ನೂ ಕಾಲಿನ ಗಾಯವನ್ನೂ ಒಂದು ದಿನವೂ ಅಲಕ್ಷ್ಯ ಮಾಡಬಾರದಂತೆ. ಧನುರ್ವಾಯುವಿನ ಇಂಜೆಕ್ಷನ್ ಯಾವಾಗ ತೆಗೆದುಕೊಂಡದ್ದು ಎಂಬ ಪ್ರಶ್ನೆಗೆ ನಾನು ನನ್ನ ಮಗ ಹುಟ್ಟಿದ ಕಾಲವನ್ನು ಹೇಳಿದೆ. ಅವರು ಕೂಡಲೇ ಸೂಜಿ ತೆಗೆದರು.

ಕೊನೆಗೆ ಅವರು ಮಾಡಿದ ಕೆಲಸ ನೋಡಿ ನನಗೆ, ಭರಣಿಗೆ ಉಪ್ಪುನೀರಿನ ಮಟ್ಟದಲ್ಲಿ ಗೆರೆ ಎಳೆದಿಡುತ್ತಿದ್ದ ಸಾಕ್ಷಾತ್ ನನ್ನ ಅತ್ತೆಯ ನೆನಪಾಯಿತು. ಜೇಬಿನಿಂದ ಬಾಲ್‌ಪೆನ್ ತೆಗೆದು, ಬೆರಳಿನ ಕೆಂಪು ಎಲ್ಲಿಯವರೆಗೆ ಹಬ್ಬಿತ್ತೋ ಅಲ್ಲಿ ಸುತ್ತಲೂ ಒಂದು ಗೆರೆ ಎಳೆದರು. ಕೆಂಪು ಈ ಗೆರೆಯೊಳಗೇ ಕುಗ್ಗುತ್ತ ಬಂದರೆ ಸರಿ. ಗೆರೆ ದಾಟಿದರೆ, ಅಂಗೈ ಕಡೆಗೆ ಕೆಂಪು ನೂಲಿನಂತೆ ಏನಾದರೂ ಏರಿದರೆ, ಜ್ವರ ಬಂದರೆ, ಬೆರಳು ಮಡಿಸಲಾಗದಿದ್ದರೆ, ಮನೆಯಲ್ಲಿ ಕೂತು ಯೋಚಿಸಬಾರದು, ನೇರ ಆಸ್ಪತ್ರೆಗೆ ಹೋಗಬೇಕು. "ಬೆರಳು ಹೋದ್ರೆ ಮುಂದಿನ ವರ್ಷವೂ ಊರುಗಾಯ್ ಇಲ್ಲ ಮಾಮಿ" ಎಂದು ಅವರು ತಮಿಳಿನಲ್ಲಿ ಹೇಳಿದ್ದನ್ನು ಸುಷ್ಮಾ ಮನೆಗೆ ಬರುವ ದಾರಿಯಲ್ಲಿ ನನಗೆ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದಳು. ನನಗೆ ತಮಿಳು ಅವಳಿಗಿಂತ ಚೆನ್ನಾಗಿ ಬರುತ್ತದೆ. ಆದರೂ ಎರಡನೆಯ ಸಲ ಕೇಳಿದ ಮೇಲೆ ಆ ಕೈಯನ್ನು ಯಾರಿಗೂ ತಾಗದ ಹಾಗೆ ಎತ್ತಿ ಹಿಡಿದು ನಡೆದೆ.

ಮರುದಿನ ಬೆಳಗ್ಗೆ ಗೋಣಿಚೀಲ ಬಂತು. ಸೊನೆಯ ಪರಿಮಳ ಜಗಲಿಯಿಂದ ಅಡಿಗೆಮನೆಯವರೆಗೆ ಹಬ್ಬಿತು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು, ಸುಷ್ಮಾ ಅದನ್ನು ಹಿಡಿದು ಹಿಂದಕ್ಕೆ ತಂದಳು. ಆಫೀಸಿಗೆ ರಜೆ ಹಾಕಿದ್ದಳು. "ನೀವು ಕುರ್ಚಿಲಿ ಕೂತ್ಕೊಂಡು ಹೇಳಿ ಅತ್ತೆ, ನಾನು ಹಾಕ್ತೀನಿ" ಎಂದಳು. ಮೈಸೂರಿನವಳು ಮಿಡಿಗೆ ಉಪ್ಪು ಹಾಕುವುದೆಂದರೆ, ನಾನು ಅವಳ ಆಫೀಸಿಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತ ಹಾಗೆ. ಅದನ್ನೇ ಹೇಳಲು ಬಾಯಿ ತೆರೆದೆ. ನಿಧಿ ನನ್ನ ಬೆರಳನ್ನು ಎತ್ತಿ ನೋಡಿ, "ಬಾರ್ಡರ್ ಓಕೆ, ಅಜ್ಜಿ ನಾಟ್ ಓಕೆ" ಎಂದು ವರದಿ ಒಪ್ಪಿಸಿ ಶಾಲೆಗೆ ಹೋದಳು. ಗೆರೆ ಕಾಯುವ ಕೆಲಸವನ್ನು ಅವಳು ತಾನಾಗಿಯೇ ವಹಿಸಿಕೊಂಡಿದ್ದಳು.

ಕೈ ತೊಳೆದು, ಒರೆಸಿ, ಒಣಗಿಸಿ ಬಂದ ಸುಷ್ಮಾ ಎರಡೂ ಕೈಗೆ ರಬ್ಬರಿನ ಗ್ಲೌಸ್ ಏರಿಸಿದಳು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

"ಗ್ಲೌಸ್ ಹಾಕಿ ಮಿಡಿ ಮುಟ್ಟುದಾ? ಎಂತ ಆಪರೇಷನ್ನಾ?"

"ಕೈ ಒಣಗಿರ್ಬೇಕು ಅಂದಿದ್ದು ನೀವೇ ಅಲ್ವಾ ಅತ್ತೆ. ಇದಕ್ಕಿಂತ ಒಣಗಿದ ಕೈ ಎಲ್ಲಿಂದ ತರ್ಲಿ?"

ಮತ್ತೆ ಕುರ್ಚಿಯಲ್ಲಿ ಕೂತೆ. ಯಜಮಾನರು ಬಾಗಿಲಿಗೆ ಒರಗಿ ನಿಂತು, "ಹ್ವಾಯ್ ಡಾಕ್ಟ್ರೇ, ಪೇಷೆಂಟಿಗೆ ಎಷ್ಟು ಉಪ್ಪು?" ಎಂದು ಕೇಳಿದರು. ನಿಜವಾದ ತಕರಾರು ಅಲ್ಲಿಂದ ಶುರುವಾಯಿತು. ಎಷ್ಟು ಉಪ್ಪು ಎಂದು ಯಾರೂ ನನ್ನನ್ನು ಕೇಳಿದ್ದೇ ಇಲ್ಲ. ಒಂದು ಪದರ ಮಿಡಿಗೆ ಒಂದು ಹಿಡಿ ಹರಳುಪ್ಪು ಎಂದೆ. ಯಾರ ಹಿಡಿ ಎಂದಳು ಸುಷ್ಮಾ. ನನ್ನ ಹಿಡಿ ಎಂದೆ. ನನ್ನ ಹಿಡಿ ಗಾಜ್ ಬಟ್ಟೆಯೊಳಗಿತ್ತು. ಎಡಗೈಯಲ್ಲಿ ತೆಗೆದು ತೋರಿಸಿ ಎಂದಳು. ಎಡಗೈಯಲ್ಲಿ ಉಪ್ಪು ಮುಟ್ಟುವುದಿಲ್ಲ ಎಂದೆ. ನಿನ್ನೆ ಕಾಫಿ ಕೊಟ್ಟಿರಲ್ಲ ಎಂದಳು. ಕೊನೆಗೆ ನಾನು ಬಲಗೈಯ ಉಳಿದ ಬೆರಳುಗಳನ್ನು ಬಟ್ಟಲು ಮಾಡಿ ಗಾಳಿಯಲ್ಲಿ ತೋರಿಸಿದೆ, ಅವಳು ಗ್ಲೌಸಿನ ಕೈಯನ್ನು ಪಕ್ಕದಲ್ಲಿ ಹಿಡಿದು ಅಂದಾಜು ಮಾಡಿದಳು, ಯಜಮಾನರು ನಡುವೆ ಬಗ್ಗಿ ತೀರ್ಪು ಹೇಳಿದರು: "ನಿನ್ನದು ದೊಡ್ಡದು. ಅವಳದ್ದು ಒಂದೂಕಾಲು ಹಿಡಿ ಹಾಕಿದರೆ ನಿನ್ನದು ಒಂದು." ಅವರು ನನ್ನ ಕೈಯನ್ನು ಇಷ್ಟು ಗಮನವಿಟ್ಟು ನೋಡಿದ್ದು ಮದುವೆಯಲ್ಲಿ ಹಿಡಿದ ದಿನದ ನಂತರ ಇದೇ ಮೊದಲಿರಬೇಕು.

ಹೀಗೆ ಮಿಡಿ ಉಪ್ಪಿಗೆ ಬಿತ್ತು. ನಾನು ಕುರ್ಚಿಯಲ್ಲಿ ಕೂತೇ ಗದರಿದೆ, ತೊಟ್ಟು ಮುರಿದವುಗಳನ್ನು ಹೆಕ್ಕಿಸಿದೆ, ಕಲ್ಲು ಹೇರಿಸಿದೆ. ಬಾಯಿಗೆ ಬಟ್ಟೆ ಕಟ್ಟುವಾಗ ಮಾತ್ರ ಸುಷ್ಮಾ ನನ್ನನ್ನು ನೋಡಿ ನಕ್ಕಳು. "ಇದನ್ನ ಬಿಗಿಯಾಗಿ ಕಟ್ಟಬಹುದಲ್ಲ ಅತ್ತೆ?" ಎಂದಳು. ಕಟ್ಟು ಮಾರಾಯ್ತಿ ಎಂದೆ.

ಮಿಡಿ ಭರಣಿಯಲ್ಲಿ ಚಿರುಟುತ್ತಿದ್ದ ಹಾಗೆ ಇತ್ತ ಬೆರಳಿನ ಊತವೂ ಇಳಿಯುತ್ತ ಬಂತು. ಮೊದಲ ರಾತ್ರಿ ಕೆಂಪು ಗೆರೆಯ ಮೇಲೇ ನಿಂತಿತ್ತು, ದಾಟುತ್ತದೋ ಇಲ್ಲವೋ ಎಂದು ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಬೆಳಗಾಗುವಾಗ ಗೆರೆಯಿಂದ ಕೂದಲೆಳೆಯಷ್ಟು ಒಳಗೆ ಸರಿದಿತ್ತು. ನಿಧಿ ಕುಣಿದದ್ದು ನೋಡಿದರೆ ಯಾವುದೋ ಮ್ಯಾಚು ಗೆದ್ದ ಹಾಗಿತ್ತು. ಗಾಯದ ಆರೈಕೆ ನನ್ನ ಸ್ವಭಾವಕ್ಕೆ ಇಷ್ಟು ಒಗ್ಗುತ್ತದೆಂದು ನನಗೆ ಗೊತ್ತಿರಲಿಲ್ಲ. ಬೆಳಗ್ಗೆ ಸೋಪಿನಲ್ಲಿ ಕೈ ತೊಳೆದು ಕಟ್ಟು ಬಿಚ್ಚುವುದು, ನಲ್ಲಿಯ ನೀರಿನಲ್ಲಿ ಮೆಲ್ಲಗೆ ತೊಳೆಯುವುದು, ಉಜ್ಜದೆ ಒತ್ತಿ ಒಣಗಿಸುವುದು, ಹೊಸ ಗಾಜ್ ಕಟ್ಟುವುದು, ಒದ್ದೆಯಾದರೆ ಕೂಡಲೇ ಬದಲಿಸುವುದು. ಡಾಕ್ಟರು ಕೊಟ್ಟ ಮಾತ್ರೆಯನ್ನು ಬೆರಳು ಸರಿಯಾಯಿತೆಂದು ನಡುವೆ ಬಿಡದೆ ಹೇಳಿದಷ್ಟು ದಿನವೂ ನುಂಗುವುದು. ಬೆರಳಿಗೆಂದೇ ಬೇರೆ ಟವೆಲ್ ಇಟ್ಟೆ, ಅದಕ್ಕೆ ಬೇರೆ ಮೊಳೆ ಹೊಡೆಸಿದೆ. ಹೋಟೆಲಿನ ಅಡಿಗೆಮನೆಯಲ್ಲಿ ಈಗ ಕಾಫಿಪುಡಿ ಕಾಫಿಗೆ ಮಾತ್ರ. ಗೋಡೆಗೆ ಮದ್ದಿನ ಡಬ್ಬಿ ಬಂದಿದೆ, ಸುಟ್ಟವರ ಕೈಯನ್ನು ದೋಸೆಹಿಟ್ಟಿಗಲ್ಲ, ನಲ್ಲಿಯ ಕೆಳಗೆ ಹಿಡಿಸುತ್ತೇನೆ.

ಸಾಸಿವೆ ಮೆಣಸು ಅರೆದು ಕೂಡಿಸಿದ ಮೇಲೆ ಮೊದಲ ಮಿಡಿಯನ್ನು ಯಜಮಾನರ ಎಲೆಗೆ ಹಾಕಿದೆವು. ಕಟುಂ ಎಂದು ಕಚ್ಚಿ, ಕಣ್ಣು ಮುಚ್ಚಿ, "ಈ ಸಲ ಉಪ್ಪು ಸರಿಯಾಗಿ ಬಿದ್ದಿತ್" ಎಂದರು. ಈ ಸಲ ಎಂದರೆ ಏನರ್ಥ, ಇಷ್ಟು ವರ್ಷ ತಿಂದದ್ದು ಏನು ಎಂದು ಕೇಳಿದೆ. ಅವರು ಇನ್ನೊಂದು ಮಿಡಿ ಬಾಯಿಗಿಟ್ಟುಕೊಂಡರು. ಸುಷ್ಮಾಳಿಗೆ ಮಾತ್ರ ನಾನು ಒಂದು ಮಾತು ಹೇಳಿದೆ. ಮುಂದಿನ ವರ್ಷವೂ ನೀನೇ ರಜೆ ಹಾಕಬೇಕಾದೀತು ಎಂದೆ. ಅವಳು ಚಾಕು ಕೆಳಗಿಟ್ಟು, "ಹಾಗಾದ್ರೆ ನಿಂತ್ಕೊಂಡು ಹೆಚ್ಚಿದ್ರೂ ರುಚಿ ಬರುತ್ತೆ ಅಂತೀರ?" ಎಂದಳು. ಅಷ್ಟು ದೂರ ನಾನಿನ್ನೂ ಹೋಗಿಲ್ಲ.

ಬೆರಳು ವಾಸಿಯಾಯಿತು. ಇನ್ನು ಕಟ್ಟು ಬೇಡ ಎಂದು ಡಾಕ್ಟರು ಹೇಳಿಯೂ ಆಯಿತು, ಅದನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಆದರೆ ಒಂದು ವಿಷಯ ನಾನು ನಿಮಗೆ ಮಾತ್ರ ಹೇಳುತ್ತೇನೆ. ಗಾಯದ ದಿನಗಳಲ್ಲಿ ತೆಂಗಿನಕಾಯಿ ತುರಿಯುವ ಕೆಲಸ ಯಜಮಾನರ ಪಾಲಿಗೆ ಬಂದಿತ್ತು. ಜೀವನದಲ್ಲಿ ಮೊದಲ ಬಾರಿಗೆ ನಾನು ಬೆಳಗ್ಗೆ ಕುರ್ಚಿಯಲ್ಲಿ ಕೂತು, ಇನ್ನೊಬ್ಬರು ಕಾಯಿ ತುರಿಯುವುದನ್ನು ನೋಡುತ್ತ, ಕರಟದ ಕಪ್ಪು ಬೀಳುತ್ತಿದೆ ಎಂದು ಹೇಳುತ್ತ ಹೊತ್ತು ಕಳೆದೆ. ಅದರಲ್ಲಿ ಇಂಥ ಸುಖವಿದೆಯೆಂದು ಯಾರೂ ನನಗೆ ಹೇಳಿರಲಿಲ್ಲ. ಹಾಗಾಗಿ ಎಲ್ಲರೂ ಏಳುವ ಮೊದಲೇ ಎದ್ದು, ಶಿಸ್ತಿನಿಂದ ಕೈ ತೊಳೆದು, ಶಿಸ್ತಿನಿಂದ ಹೊಸ ಪಟ್ಟಿ ಕಟ್ಟಿಕೊಂಡು ಬರುತ್ತಿದ್ದೆ.

ಮೊನ್ನೆ ನಿಧಿ ನನ್ನ ಕೈಯನ್ನು ಹಿಡಿದು ತಿರುಗಿಸಿ ನೋಡಿದಳು.

"ಅಜ್ಜಿ, ನೇತ್ತು ಇಂದ ವಿರಲ್ ಇಲ್ಲೈಯೇ!"

ನಿನ್ನೆ ಈ ಬೆರಳು ಅಲ್ಲವಲ್ಲ ಎಂದು. ನಾನೂ ನೋಡಿದೆ. ಪಟ್ಟಿ ನಡುಬೆರಳಿಗೆ ಕಟ್ಟಿತ್ತು, ತೋರುಬೆರಳು ಪಕ್ಕದಲ್ಲಿ ಆರೋಗ್ಯವಾಗಿ ನಿಂತಿತ್ತು. ಯಜಮಾನರ ಕೈ ತುರಿಮಣೆಯ ಮೇಲೆ ನಿಂತಿತು. ಸುಷ್ಮಾ ಬಾಗಿ ನೋಡಿ, ಮುಖ ಗಂಭೀರ ಮಾಡಿಕೊಂಡು, "ಹರಡ್ತಾ ಇದೆ ಅತ್ತೆ. ಆಸ್ಪತ್ರೆಗೇ ಹೋಗ್ಬೇಕು" ಎಂದಳು.

ನಾಳೆಯಿಂದ ಕಾಯಿ ನಾನೇ ತುರಿಯುತ್ತೇನೆ ಎಂದೆ.

"ಇವತ್ತಿನದ್ದು?" ಎಂದು ಕೇಳಿದರು ಯಜಮಾನರು.

"ಇವತ್ತು ನೀವೇ ತುರಿಯಿರಿ. ಹೊಸ ಪಟ್ಟಿ ಕಟ್ಟಿ ಆಯ್ತಲ್ಲ, ಸುಮ್ಮನೆ ದಂಡ ಮಾಡುದು ಯಾಕೆ?"